ಮನೆಯಲ್ಲಿ ಜಿರಳೆ, ಇಲಿ, ಸೊಳ್ಳೆ, ತಿಗಣೆ: ಲಕ್ಷಣ ನೋಡಿ ಪತ್ತೆ ಮಾಡಿ, ಮದ್ದು ಆಮೇಲೆ ತನ್ನಿ

ಮನೆಯಲ್ಲಿ ಜಿರಳೆ ಕಂಡ ಕೂಡಲೇ ಅಂಗಡಿಗೆ ಓಡುತ್ತೇವೆ. "ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಿ" ಅಂತ ಕೇಳಿ ತಂದು ಮೂಲೆಮೂಲೆಗೂ ಹೊಡೆಯುತ್ತೇವೆ. ನಾಲ್ಕು ದಿನ ಕಾಣದ ಜಿರಳೆ ಐದನೇ ದಿನ ಮತ್ತೆ ಹಾಜರು. ಅಷ್ಟರಲ್ಲಿ ಆ ಮದ್ದು ಮನೆಮಂದಿಯ ಮೂಗು, ಕೈ, ತಟ್ಟೆ ಎಲ್ಲ ಕಡೆ ಸೇರಿರುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗುವಿಗೆ ಎಲ್ಲರಿಗಿಂತ ಜಾಸ್ತಿ.

ಯಾವ ಹುಳ, ಎಲ್ಲಿಂದ ಬರುತ್ತಿದೆ, ಏನು ತಿಂದು ಬದುಕಿದೆ ಅನ್ನುವುದು ಗೊತ್ತಾಗುವ ತನಕ ಮದ್ದಿಗೆ ದುಡ್ಡು ಹಾಕಬೇಡಿ. ಅದನ್ನು ಪತ್ತೆ ಮಾಡಲು ಬೇಕಾಗುವುದು ಒಂದು ಟಾರ್ಚ್, ಒಂದು ಸ್ಕೇಲು, ಒಂದು ರಾತ್ರಿಯ ತಾಳ್ಮೆ. ಕೆಳಗೆ ನಿಮ್ಮ ಕಣ್ಣಿಗೆ ಬಿದ್ದ ಲಕ್ಷಣ ಯಾವುದೋ ಆ ಭಾಗಕ್ಕೆ ಹೋಗಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಮದ್ದು ಕೊನೆಗೆ.

ತುರ್ತು ಇದ್ದರೆ ಇದನ್ನು ಮೊದಲು ಓದಿ. ಯಾರಾದರೂ ಮದ್ದು ನುಂಗಿದ್ದರೆ, ಮದ್ದು ಹೊಡೆದ ಕೋಣೆಯಲ್ಲಿ ಉಸಿರಾಡಲು ಕಷ್ಟಪಡುತ್ತಿದ್ದರೆ, ತಕ್ಷಣ 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲು ರಾತ್ರಿ ಸಿಗುತ್ತದೆ. ವಾಂತಿ ಮಾಡಿಸಬೇಡಿ. ಮದ್ದಿನ ಡಬ್ಬಿ ಅಥವಾ ಪೊಟ್ಟಣವನ್ನು ಜೊತೆಗೆ ಒಯ್ಯಿರಿ.

## ಸಿಂಕಿನ ಕೆಳಗೆ, ಡಬ್ಬಿಗಳ ಹಿಂದೆ ಕರಿ ಕಾಳಿನಂಥದ್ದು ಬಿದ್ದಿದೆ

ಇದು ಹಿಕ್ಕೆ. ಯಾರದ್ದು ಅನ್ನುವುದನ್ನು ಅಳತೆಯೇ ಹೇಳುತ್ತದೆ. ಒಂದು ಬಿಳಿ ಕಾಗದದ ಮೇಲೆ ತೆಗೆದಿಟ್ಟು ಟಾರ್ಚ್ ಹಾಕಿ ನೋಡಿ. ಬರಿಗೈಯಲ್ಲಿ ಮುಟ್ಟಬೇಡಿ.

- ಕಾಫಿಪುಡಿ ಉದುರಿದ ಹಾಗೆ ಸಣ್ಣ ಚುಕ್ಕಿಗಳಿದ್ದರೆ ಸಣ್ಣ ಜಾತಿಯ ಜಿರಳೆ.
- 2-3 ಮಿಲಿಮೀಟರ್ ಉದ್ದ, ತುದಿ ಮೊಂಡು, ಮೈಮೇಲೆ ಗೀರು ಇದ್ದರೆ ದೊಡ್ಡ ಜಿರಳೆ.
- 3ರಿಂದ 6 ಮಿಲಿಮೀಟರ್, ತುದಿ ಚೂಪಾಗಿದ್ದರೆ ಸುಂಡಿಲಿ.
- 12 ಮಿಲಿಮೀಟರಿಗಿಂತ ಉದ್ದ ಇದ್ದರೆ ದೊಡ್ಡ ಇಲಿ ಅಥವಾ ಹೆಗ್ಗಣ.
- ಒಂದು ತುದಿಯಲ್ಲಿ ಬೆಳ್ಳಗಿನ ಚುಕ್ಕಿ ಇದ್ದರೆ ಹಲ್ಲಿ.

ಕೊನೆಯದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಹಲ್ಲಿ ಹಿಕ್ಕೆಯನ್ನು ಇಲಿಯದ್ದು ಅಂದುಕೊಂಡು ಪಾಷಾಣ ತರುವವರು ಎಷ್ಟೋ ಜನ. ಹಲ್ಲಿಗೆ ಯಾವ ಮದ್ದೂ ಬೇಡ, ಅದು ನುಸಿ ಸೊಳ್ಳೆ ತಿಂದುಕೊಂಡಿರುತ್ತದೆ. ನಮ್ಮ ಮನೆಗಳ ಹಲ್ಲಿಗೆ ವಿಷವಿಲ್ಲ. ಆದರೆ ಅದರ ಮೈಮೇಲೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಹಾಗಾಗಿ ಹಲ್ಲಿ ಬಿದ್ದ ಅಡುಗೆಯನ್ನು ಚೆಲ್ಲುವುದೇ ಸರಿ.

ಹಿಕ್ಕೆ ಹಳೆಯದೋ ಹೊಸದೋ? ಹೊಸದು ಕಪ್ಪಗೆ ಹೊಳೆಯುತ್ತದೆ, ಮೆತ್ತಗಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತದೆ. ಎಲ್ಲವನ್ನೂ ತೆಗೆದು ಒರೆಸಿ, ಮರುದಿನ ಬೆಳಿಗ್ಗೆ ಎಲ್ಲಿ ಹೊಸದಾಗಿ ಬಿದ್ದಿದೆ ನೋಡಿ. ಅದೇ ಅವು ಓಡಾಡುವ ದಾರಿ. ಬೋನು, ಜಿರಳೆ ಜೆಲ್ (ವಿಷ ಬೆರೆಸಿದ ಅಂಟು ತಿನಿಸು) ಏನಿಟ್ಟರೂ ಅಲ್ಲೇ ಇಡಬೇಕು.

ಇಲಿ ಹಿಕ್ಕೆಯನ್ನು ಒಣಗಿದ್ದಾಗ ಪೊರಕೆಯಿಂದ ಗುಡಿಸಬಾರದು. ಧೂಳೆದ್ದು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಜಿರಳೆ ಅಂತ ಖಾತ್ರಿಯಾದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಯಾವ ಜಿರಳೆ? ರಾತ್ರಿ ದೀಪ ಆರಿಸಿ ಎರಡು ಗಂಟೆ ಬಿಟ್ಟು ತಟ್ಟನೆ ಅಡುಗೆಮನೆ ದೀಪ ಹಾಕಿ ನೋಡಿ. ಕೆಂಪು ಕಂದು ಬಣ್ಣದ, ಹೆಬ್ಬೆರಳಿನಷ್ಟು ದೊಡ್ಡದು ಮೋರಿ ಕಡೆ ಓಡಿದರೆ ಅದು ಚರಂಡಿಯಿಂದ ಬರುವಂಥದ್ದು. ಇದಕ್ಕೆ ಮದ್ದಿಗಿಂತ ತಡೆ ಮುಖ್ಯ. ಬಚ್ಚಲಿನ ತೂತಿಗೆ ಸಣ್ಣ ಕಣ್ಣಿನ ಜಾಲಿ ಹಾಕಿ. ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ಕಡೆ ಸುತ್ತ ಇರುವ ಸಂದಿಗೆ ಸಿಮೆಂಟ್ ಮೆತ್ತಿ. ಬಹಳಷ್ಟು ಮನೆಗಳಲ್ಲಿ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಒಂದೂವರೆ ಸೆಂಟಿಮೀಟರಿನ, ತಿಳಿ ಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೀಟು ಇರುವ ಜಿರಳೆಯಾದರೆ ಅದು ಮನೆಯೊಳಗೇ ಹುಟ್ಟಿ ಬೆಳೆಯುವ ಜಾತಿ. ಫ್ರಿಜ್ಜಿನ ಮೋಟರ್ ಪಕ್ಕ, ಮಿಕ್ಸಿಯ ತಳ, ಗ್ಯಾಸ್ ಒಲೆಯ ಅಡಿ, ಕಪಾಟಿನ ಕೀಲು, ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಇರುತ್ತದೆ. ಒಂದು ಮೊಟ್ಟೆಚೀಲದಲ್ಲಿ 30-40 ಮರಿ. ಹಗಲಲ್ಲೇ ಕಾಣಿಸುತ್ತಿದ್ದರೆ ಒಳಗೆ ಜಾಗ ಸಾಲದಷ್ಟು ಇವೆ ಅಂತ ಅರ್ಥ.

ರಾತ್ರಿ ಎಂಜಲು ಪಾತ್ರೆ ಬಿಡದೆ, ಸಿಂಕ್ ಒರೆಸಿ ಒಣಗಿಸಿ, ಕಸದ ಬುಟ್ಟಿ ಮುಚ್ಚಿ ಒಂದು ವಾರ ನೋಡಿ. ಆಮೇಲೂ ಇದ್ದರೆ ಜೆಲ್ ಒಳ್ಳೆಯದು. ಎಳ್ಳುಕಾಳಿನಷ್ಟು ಚುಕ್ಕಿಗಳನ್ನು ಕೀಲು, ಸಂದಿಗಳ ಒಳಗೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಜೆಲ್ ಇಟ್ಟ ಮೇಲೆ ಅದೇ ಜಾಗಕ್ಕೆ ಸ್ಪ್ರೇ ಹೊಡೆಯಬೇಡಿ. ಸ್ಪ್ರೇ ವಾಸನೆಗೆ ಜಿರಳೆ ಜೆಲ್ ಹತ್ತಿರವೇ ಬರುವುದಿಲ್ಲ, ಎರಡೂ ದಂಡ. ಮೊಟ್ಟೆಗಳಿಗೆ ಜೆಲ್ ತಾಗುವುದಿಲ್ಲ, ಆದ್ದರಿಂದ ಮೂರ್ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ಇಡಬೇಕು.

ಗ್ಯಾಸ್ ಒಲೆಯ ಅಡಿಯಲ್ಲಿ ಸ್ಪ್ರೇ ಹೊಡೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಸ್ಪ್ರೇ ಡಬ್ಬಿಯಲ್ಲಿ ಮದ್ದನ್ನು ಹೊರಗೆ ದೂಡುವುದು ಸಾಮಾನ್ಯವಾಗಿ ಬೆಂಕಿ ಹೊತ್ತಿಕೊಳ್ಳುವ ಅನಿಲ. ಒಲೆ, ದೇವರ ದೀಪ, ಊದುಬತ್ತಿ ಯಾವುದು ಉರಿಯುತ್ತಿದ್ದರೂ ಹೊಡೆಯಬಾರದು.

## ಬೆಳಿಗ್ಗೆ ಎದ್ದರೆ ಮೈಮೇಲೆ ದದ್ದು, ತುರಿಕೆ

ಹಾಸಿಗೆಗೆ ಮದ್ದು ಹಾಕುವ ಮೊದಲು ಮೈಮೇಲೆ ಎಲ್ಲಿ ದದ್ದು ಎದ್ದಿದೆ ನೋಡಿ.

ಬೆರಳುಗಳ ನಡುವೆ, ಮಣಿಕಟ್ಟು, ಸೊಂಟ, ತೊಡೆಸಂದಿ. ರಾತ್ರಿ ತುರಿಕೆ ಜಾಸ್ತಿ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಅಂದರೆ ಇದು ಕಜ್ಜಿ ಇರಬಹುದು. ಚರ್ಮದೊಳಗೆ ಕೊರೆಯುವ ಕಣ್ಣಿಗೆ ಕಾಣದ ನುಸಿಯಿಂದ ಬರುತ್ತದೆ. ಹಾಸಿಗೆಗೆ ಏನು ಹೊಡೆದರೂ ಹೋಗುವುದಿಲ್ಲ. ವೈದ್ಯರು ಕೊಡುವ ಮುಲಾಮನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಂಡರೆ ವಾಸಿಯಾಗುತ್ತದೆ. ಒಬ್ಬರು ಬಿಟ್ಟರೂ ಮತ್ತೆ ಎಲ್ಲರಿಗೂ ಸುತ್ತುತ್ತದೆ.

ಮೊಣಕಾಲಿನ ಕೆಳಗೆ ಮಾತ್ರ. ನಾಯಿ ಬೆಕ್ಕು ಸಾಕಿದ್ದರೆ ಚಿಗಟ ನೋಡಿ. ನಾಯಿಯ ಚಿಗಟದ ಮದ್ದನ್ನು ಬೆಕ್ಕಿಗೆ ಹಚ್ಚಬಾರದು. ಅದರಲ್ಲಿ ಇರಬಹುದಾದ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಬೆಕ್ಕಿನ ಪ್ರಾಣಕ್ಕೇ ಸಂಚಕಾರ.

ಕುತ್ತಿಗೆ, ಮುಖದ ಮೇಲೆ ಸುಟ್ಟ ಹಾಗೆ ಉದ್ದಕ್ಕೆ ಗೀಟು, ಸಣ್ಣ ಗುಳ್ಳೆ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ, ಕಿತ್ತಳೆ ಕಪ್ಪು ಪಟ್ಟೆಯ ಸಣ್ಣ ಹುಳ ಇದಕ್ಕೆ ಕಾರಣ. ಜನ ಆಸಿಡ್ ಹುಳ ಅನ್ನುತ್ತಾರೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ನಾವೇ ಹೊಸಕಿದರೆ ಅದರ ರಸ ಚರ್ಮ ಸುಡುತ್ತದೆ. ಊದಿ ಹಾರಿಸಿ, ಸೋಪು ನೀರಿನಲ್ಲಿ ತೊಳೆಯಿರಿ. ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ. ಕಣ್ಣಿಗೆ ತಾಗಿ ಊದಿಕೊಂಡರೆ ಕಣ್ಣಿನ ವೈದ್ಯರ ಬಳಿ ಹೋಗಿ.

ಹೊದಿಕೆಯಿಂದ ಹೊರಗಿದ್ದ ತೋಳು, ಕುತ್ತಿಗೆ, ಬೆನ್ನ ಮೇಲೆ ಸಾಲಾಗಿ ಮೂರ್ನಾಲ್ಕು ದದ್ದು. ಈಗ ತಿಗಣೆಯ ಅನುಮಾನ ಪಡಬಹುದು. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ಟಾರ್ಚ್ ಹಾಕಿ. ಪೆನ್ನಿನ ಶಾಯಿ ತಾಗಿಸಿದಷ್ಟು ಕಪ್ಪು ಚುಕ್ಕಿಗಳಿವೆಯೇ? ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತುಕ್ಕಿನ ಬಣ್ಣ ಹರಡುತ್ತದೆಯೇ? ಅದು ಜೀರ್ಣವಾದ ರಕ್ತ, ತಿಗಣೆ ಇರುವುದು ಖಚಿತ. ಮಂಚದ ಕೀಲು, ಸ್ಕ್ರೂ ತೂತು, ತಲೆದಿಕ್ಕಿನ ಸ್ವಿಚ್‌ಬೋರ್ಡ್, ಗೋಡೆಯ ಫೋಟೋ ಹಿಂದೆಯೂ ನೋಡಿ. ಇವ್ಯಾವುದೂ ಇಲ್ಲದೆ ಬರೀ ದದ್ದು ಇದ್ದರೆ ಸೊಳ್ಳೆಯೇ ಇರಬಹುದು. ಎರಡು ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿ ನೋಡಿ.

ತಿಗಣೆಯಿಂದ ಮನುಷ್ಯರಿಗೆ ರೋಗ ಹರಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ತುರಿಸಿ ತುರಿಸಿ ಗಾಯ ಕೀವಾಗಬಹುದು, ನಿದ್ದೆ ಹಾಳಾಗುತ್ತದೆ, ಅಷ್ಟೇ. ಹಾಗಿದ್ದ ಮೇಲೆ ಅದನ್ನು ಕೊಲ್ಲಲು ಪ್ರಾಣಕ್ಕೆ ಕುತ್ತು ತರುವ ಮದ್ದನ್ನು ಮಲಗುವ ಹಾಸಿಗೆಗೆ ಯಾಕೆ ಹಾಕಬೇಕು? ಈಗಿನ ತಿಗಣೆಗಳಿಗೆ ಸಾಮಾನ್ಯ ಸ್ಪ್ರೇಗಳು ಅಷ್ಟಾಗಿ ತಾಗುವುದೂ ಇಲ್ಲ. ತಾಗುವುದು ಬಿಸಿ. 50 ಡಿಗ್ರಿಗಿಂತ ಹೆಚ್ಚು ಕಾವು ತಗಲಿದರೆ ತಿಗಣೆಯೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಹೊದಿಕೆ, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಹಾಸಿಗೆಯ ಹೊಲಿಗೆ, ಮಂಚದ ಕೀಲಿಗೆ ಸ್ಟೀಮರ್ ಹಿಡಿಯಿರಿ. ಮರದ ಮಂಚವಾದರೆ ಅಂಗಳಕ್ಕೆ ಒಯ್ದು ಕುದಿಯುವ ನೀರು ಹುಯ್ಯುವ ಹಳೆಯ ಪದ್ಧತಿ ಈಗಲೂ ಕೆಲಸ ಮಾಡುತ್ತದೆ. ದಪ್ಪ ಹಾಸಿಗೆಯನ್ನು ಸುಮ್ನೆ ಬಿಸಿಲಿಗೆ ಹಾಕಿದರೆ ಮೇಲ್ಪದರ ಮಾತ್ರ ಕಾಯುತ್ತದೆ, ಒಳಗಿನವು ಬದುಕಿಕೊಳ್ಳುತ್ತವೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಜೀವ ಅದು. ಕೋಣೆ ಬೀಗ ಹಾಕಿ ಊರಿಗೆ ಹೋಗಿ ಬಂದರೆ ಸಾಯುತ್ತವೆ ಅಂದುಕೊಳ್ಳಬೇಡಿ.

ಸೀಮೆಎಣ್ಣೆ, ಪೆಟ್ರೋಲ್ ಹಾಕಬಾರದು. ಡೈಕ್ಲೋರ್‌ವಾಸ್ ಅನ್ನುವ ಕೀಟನಾಶಕ ಇರುವ ಹಳೆಯ ಬಾಟಲಿ ಮನೆಯಲ್ಲಿ ಉಳಿದಿದ್ದರೆ ಅದನ್ನೂ ಹಾಕಬಾರದು. 2018ರ ಕೇಂದ್ರ ಸರ್ಕಾರದ ಆದೇಶದಂತೆ 2020ರ ಕೊನೆಯಿಂದ ಅದು ನಿಷೇಧವಾಗಿದೆ. ಒಂದಕ್ಕಿಂತ ಹೆಚ್ಚು ಕೋಣೆಗೆ ಹರಡಿದ್ದರೆ, ಪಿಜಿ ಅಥವಾ ಅಪಾರ್ಟ್‌ಮೆಂಟ್ ಆಗಿದ್ದರೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅಕ್ಕಪಕ್ಕದವರನ್ನೂ ಸೇರಿಸಿಕೊಂಡು ಪರವಾನಗಿ ಇರುವವರನ್ನು ಕರೆಸಿ.

## ಹಗಲಲ್ಲೇ ಸೊಳ್ಳೆ ಕಚ್ಚುತ್ತಿದೆ

ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆ, ಬೆಳಿಗ್ಗೆ ಮತ್ತು ಸಂಜೆಯ ಮುಂಚೆ ಮೊಣಕಾಲಿನ ಕೆಳಗೆ ಕಚ್ಚುತ್ತಿದೆ ಅಂದರೆ ಅದು ಈಡಿಸ್. ಡೆಂಗಿ, ಚಿಕೂನ್‌ಗುನ್ಯ ತರುವುದು ಇದೇ. ಇದು ದೂರದಿಂದ ಹಾರಿ ಬರುವುದಿಲ್ಲ. ಕೆಲವು ನೂರು ಮೀಟರ್ ಒಳಗೆ, ಎಷ್ಟೋ ಸಲ ನಿಮ್ಮ ಮನೆಯಲ್ಲೇ ಹುಟ್ಟಿರುತ್ತದೆ. ಅದಕ್ಕೆ ಬೇಕಾಗುವುದು ನಿಂತ ತಿಳಿ ನೀರು. ಎದುರಿನ ಚರಂಡಿಯನ್ನು ಬೈಯುವ ಮೊದಲು ಮನೆಯೊಳಗೆ ಒಂದು ಸುತ್ತು ಬನ್ನಿ.

ಫ್ರಿಜ್ಜಿನ ಹಿಂದಿನ ಟ್ರೇ. ಹೂಕುಂಡದ ತಟ್ಟೆ. ಮನಿಪ್ಲಾಂಟ್ ಬಾಟಲಿ. ಸಂಪಿನ ಮುಚ್ಚಳದ ಸಂದಿ. ಬಳಸದ ಕೋಣೆಯ ಕಮೋಡು. ತಾರಸಿಯ ಮೇಲಿನ ಒಡೆದ ಬಕೆಟ್, ಟೈರು, ಎಳನೀರು ಬುರುಡೆ. ಮಲೆನಾಡು, ಕರಾವಳಿ ಕಡೆಯಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಕಪ್ಪು. ನೀರಿಗೆ ಟಾರ್ಚ್ ಹಿಡಿದು ನೋಡಿ. ಸಣ್ಣ ದಾರದ ತುಂಡಿನಂಥದ್ದು ಕೊಂಕಿ ಕೊಂಕಿ ಕೆಳಗೆ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಉಸಿರಿಗಾಗಿ ಮೇಲೆ ಬಂದು ತಲೆಕೆಳಗಾಗಿ ನೇತಾಡುತ್ತದೆ. ಅವೇ ಸೊಳ್ಳೆಮರಿ.

ಮೊಟ್ಟೆಯಿಂದ ರೆಕ್ಕೆ ಬರಲು ಏಳೆಂಟು ದಿನ ಬೇಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಎಲ್ಲ ನೀರೂ ಚೆಲ್ಲಿದರೆ ಸರಪಳಿ ತುಂಡಾಗುತ್ತದೆ. ಆದರೆ ಬರೀ ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆ ಡ್ರಮ್ಮಿನ ಗೋಡೆಗೆ ನೀರಿನ ಮಟ್ಟದ ಮೇಲೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ, ನೀರು ತಾಗಿದ ಕೂಡಲೇ ಒಡೆಯುತ್ತದೆ. ಬ್ರಷ್ ಹಾಕಿ ತಿಕ್ಕಲೇಬೇಕು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ಕೆಲಸ ಎಲ್ಲಿ ಆಗಬೇಕು ಅನ್ನುವುದು ಆ ಆದೇಶದಲ್ಲೇ ಇದೆ.

ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವುದು ಹೆಚ್ಚಾಗಿ ಕೊಳಚೆಯ ಸೊಳ್ಳೆ ಕ್ಯೂಲೆಕ್ಸ್. ಹಿಂಭಾಗ ಎತ್ತಿ ಓರೆಯಾಗಿ ಕೂರುವುದು ಮಲೇರಿಯಾದ ಅನಾಫಿಲಿಸ್. ಮಂಗಳೂರಿನಲ್ಲಿ ಮಲೇರಿಯಾ ಕಾಡಿದ್ದರಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರಿನ ಪಾಲು ದೊಡ್ಡದು.

ಹೊಗೆ ಗಾಡಿ ಬಂದು ಹೋದ ಮೇಲೂ ಸೊಳ್ಳೆ ಇದೆ ಅಂತ ಬೇಸರ ಪಡುವವರಿಗೆ ಒಂದು ಮಾತು. ಹೊಗೆ ಆ ಹೊತ್ತಿಗೆ ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ.

ಜ್ವರ ಬಂದರೆ: ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವು ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಎಷ್ಟೋ ಸಲ ಜ್ವರ ಇಳಿದ ಮೇಲೆ. ಜ್ವರ ಬಿಟ್ಟಿತು ಅಂತ ಸಮಾಧಾನ ಪಡುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

## ಮಗುವಿಗೆ ರಾತ್ರಿ ಕೆಮ್ಮು, ಉಬ್ಬಸ ಜಾಸ್ತಿ

ಮೊದಲ ಪರೀಕ್ಷೆ ಬಿಟ್ಟಿ: ಮೂರು ರಾತ್ರಿ ಸೊಳ್ಳೆ ಬತ್ತಿ ಹಚ್ಚಬೇಡಿ, ಪರದೆ ಕಟ್ಟಿ ಮಲಗಿಸಿ. ಕೆಮ್ಮು ಕಡಿಮೆಯಾದರೆ ಕಾರಣ ಸಿಕ್ಕಿತು. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ ಅಳೆದು ನೋಡಿದ್ದಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಹಸುಗೂಸಿನ ಪಕ್ಕ ಇಡುವುದು ಎಷ್ಟು ಸರಿ ಹೇಳಿ. ಪೊಟ್ಟಣದ ಮೇಲೆ ಕೀಟನಾಶಕದ ನೋಂದಣಿ ಸಂಖ್ಯೆಯೇ ಇಲ್ಲದ ಸೊಳ್ಳೆ ಊದುಬತ್ತಿಗಳನ್ನಂತೂ ಮುಟ್ಟಲೇಬೇಡಿ. ದ್ರವದ ಯಂತ್ರ ಹಾಕುವುದಾದರೆ ಕಿಟಕಿಗೆ ಜಾಲರಿ ಹಾಕಿ ಸ್ವಲ್ಪ ತೆರೆದಿಡಿ. ಸೊಳ್ಳೆ ಕ್ರೀಮನ್ನು ಎರಡು ತಿಂಗಳ ಒಳಗಿನ ಕೂಸಿಗೆ ಹಚ್ಚಬಾರದು.

ಬತ್ತಿ ನಿಲ್ಲಿಸಿದರೂ ಕಡಿಮೆಯಾಗಲಿಲ್ಲ, ಮನೆಯಲ್ಲಿ ಜಿರಳೆ ಇವೆ ಅಂದರೆ ಅವುಗಳ ಹಿಕ್ಕೆ, ಕಳಚಿದ ಪೊರೆಯ ಪುಡಿ ಉಬ್ಬಸ ಕೆರಳಿಸುತ್ತಿರಬಹುದು. ಇಲ್ಲಿ ಸ್ಪ್ರೇ ಹೊಡೆದರೆ ಉಬ್ಬಸ ಇನ್ನೂ ಏರುತ್ತದೆ. ಜೆಲ್, ಒದ್ದೆ ಬಟ್ಟೆಯ ಒರೆಸುವಿಕೆ, ಇವೆರಡೇ ದಾರಿ. ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಇದು ಮನೆಮದ್ದಿನ ಹೊತ್ತಲ್ಲ.

ಹೊಸ ಕೂಸಿಗೆ ಇನ್ನೊಂದು ಎಚ್ಚರಿಕೆ. ಟ್ರಂಕಿನಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಹಳೆಯ ಬಟ್ಟೆ, ಶಾಲುಗಳನ್ನು ತೆಗೆದು ನೇರವಾಗಿ ಮಗುವಿಗೆ ಸುತ್ತಬೇಡಿ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಆ ಗುಳಿಗೆಯ ಆವಿಯೇ ರಕ್ತಕಣ ಒಡೆದು ಕಾಮಾಲೆ ತರಬಹುದು. ಗುಳಿಗೆ ಮಿಠಾಯಿ ಅಂತ ಬಾಯಿಗೆ ಹಾಕಿಕೊಳ್ಳುವ ಭಯ ಬೇರೆ. ಕರ್ಪೂರವೂ ಅಷ್ಟೇ. ಒಂದು ಬಿಲ್ಲೆ ನುಂಗಿದರೂ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು.

## ಅಟ್ಟದ ಮೇಲೆ ಸದ್ದು, ಕಚ್ಚಿದ ಗುರುತು

ಮೊದಲು ದಾರಿ ಹುಡುಕಿ. ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ಸುಂಡಿಲಿ ಬರುತ್ತದೆ, ಹೆಬ್ಬೆರಳು ತೂರುವಷ್ಟಿದ್ದರೆ ದೊಡ್ಡ ಇಲಿ. ಗೋಡೆಯ ಅಂಚಿನಲ್ಲಿ ಎಣ್ಣೆ ಜಿಡ್ಡಿನ ಕಪ್ಪು ಪಟ್ಟೆ ಕಂಡರೆ ಅದು ಇಲಿಯ ಮೈ ಉಜ್ಜಿ ಉಜ್ಜಿ ಆದದ್ದು. ತೂತಿಗೆ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಹಾಕಿ. ಬರೀ ಬಟ್ಟೆ, ಥರ್ಮಕೋಲ್ ತುರುಕಿದರೆ ಒಂದೇ ರಾತ್ರಿಗೆ ಕೊರೆದು ಬರುತ್ತದೆ. ಆಮೇಲೆ ಬೋನು. ಸುಟ್ಟ ಕೊಬ್ಬರಿ ಚೂರು, ಬೋಂಡದ ತುಂಡು ಸಿಕ್ಕಿಸಿ ಗೋಡೆಗೆ ತಾಗಿಸಿ ಇಡಿ. ನಡುಮನೆಯಲ್ಲಿ ಇಟ್ಟರೆ ಬೀಳುವುದಿಲ್ಲ, ಇಲಿ ಗೋಡೆಯ ಪಕ್ಕವೇ ಓಡುವುದು.

ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಡೆದರೆ, ಕಾಲಿನ ಗಾಯದ ಮೂಲಕ ಇಲಿ ಜ್ವರ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕಣ್ಣು ಕೆಂಪು. ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಲ್ಲಿ ವಾಸಿಯಾಗುತ್ತದೆ. ತಡವಾದರೆ ಕಾಮಾಲೆ, ಕಿಡ್ನಿ ತೊಂದರೆ. "ಮನೆಯಲ್ಲಿ ಇಲಿ ಇದೆ, ಗದ್ದೆ ನೀರಿಗೆ ಇಳಿದಿದ್ದೆ" ಅಂತ ವೈದ್ಯರಿಗೆ ನೀವಾಗಿಯೇ ಹೇಳಿ. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ.

ಇಲಿ ಪಾಷಾಣದ ಬಗ್ಗೆ ಸ್ವಲ್ಪ ನಿಧಾನಕ್ಕೆ ಓದಿ. ಅಂಗಡಿಯಲ್ಲಿ ಎಲ್ಲಕ್ಕೂ ಹೆಸರು ಇಲಿ ಮದ್ದು. ಒಳಗಿರುವುದು ಬೇರೆ ಬೇರೆ.

ನೀಲಿ ಅಥವಾ ಹಸಿರು ಬಣ್ಣದ ಮೇಣದಂಥ ಬಿಲ್ಲೆ ಹೆಚ್ಚಾಗಿ ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಮಗು ತಿಂದರೆ ಆ ದಿನ ಏನೂ ಕಾಣದು, ಕೆಲವು ದಿನದ ನಂತರ ರಕ್ತಸ್ರಾವ. ಇದಕ್ಕೆ ವಿಟಮಿನ್ ಕೆ ಅನ್ನುವ ಪ್ರತಿಮದ್ದು ಇದೆ. ಮನೆಗೆ ಮದ್ದು ಬೇಕೇ ಬೇಕು ಅಂದರೆ ಇದೊಂದೇ, ಅದೂ ಇಲಿ ಮಾತ್ರ ಒಳಗೆ ತೂರುವಂಥ ಮುಚ್ಚಿದ ಬೇಟ್ ಡಬ್ಬಿಯೊಳಗೆ. ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ಇದು ತಾಗುತ್ತದೆ. ಹುಡುಕಿ ತೆಗೆದು ಹೂಳಿ.

ಬೂದು ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಟ್ಯೂಬಿನಲ್ಲಿ ಬರುವ ಪೇಸ್ಟಿನಲ್ಲಿ ಹಳದಿ ರಂಜಕ (ಫಾಸ್ಫರಸ್) ಇರಬಹುದು. ಇವೆರಡನ್ನೂ ಮನೆಗೆ ತರಬೇಡಿ. ಪೇಸ್ಟಿನ ವಿಷ ತುಂಬ ಮೋಸದ್ದು. ಮೊದಲ ದಿನ ಒಂದಿಷ್ಟು ವಾಂತಿ, ಆಮೇಲೆ ಒಂದೆರಡು ದಿನ ಪೂರ್ತಿ ಆರಾಮಾದ ಹಾಗೆ ಕಾಣುತ್ತಾರೆ, ಆಮೇಲೆ ಲಿವರ್ ಕೈಕೊಡುತ್ತದೆ. ನೇರವಾದ ಪ್ರತಿಮದ್ದು ಇಲ್ಲ. ಸ್ವಲ್ಪ ತಾಗಿದೆ ಅನ್ನುವ ಅನುಮಾನ ಬಂದರೂ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಆರಾಮಾಗಿದ್ದಾರೆ ಅಂತ ಮನೆಗೆ ಕರೆತರಬಾರದು. ವಿಷ ಇಳಿಯಲಿ ಅಂತ ಹಾಲು, ತುಪ್ಪ, ಎಣ್ಣೆ ಕುಡಿಸಬಾರದು. ರಂಜಕ ಕೊಬ್ಬಿನಲ್ಲಿ ಕರಗುತ್ತದೆ, ಮೈಗೆ ಇನ್ನೂ ಬೇಗ ಇಳಿಯುತ್ತದೆ. ಮನೆಯಲ್ಲಿ ಯಾರಾದರೂ ಮನಸ್ಸಿಗೆ ತುಂಬ ನೊಂದಿದ್ದರೆ ಯಾವ ಪಾಷಾಣವೂ ಆ ಮನೆಯಲ್ಲಿ ಇರಬಾರದು. ಅವರ ಜೊತೆ ಕೂತು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನು ಧಾನ್ಯಕ್ಕೆ ಇಡುವ ಬೂದು ಮಾತ್ರೆ, ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಒಂದು 3 ಗ್ರಾಂ ಮಾತ್ರೆಯಿಂದ 1 ಗ್ರಾಂ ಅನಿಲ. ಬಾಗಿಲ ಸಂದಿ, ಗೋಡೆಯ ಬಿರುಕಿನಿಂದ ಪಕ್ಕದ ಕೋಣೆಗೂ ಹೋಗುತ್ತದೆ. ಪ್ರತಿಮದ್ದು ಇಲ್ಲ. ಸಾಮಾನ್ಯ ಜನರಿಗೆ ಮಾರುವಂತೆಯೇ ಇಲ್ಲ, ಆದರೂ ಕೈಗೆ ಸಿಗುತ್ತದೆ. ಇಲಿಗೆ, ತಿಗಣೆಗೆ, ಮನೆಯ ಅಕ್ಕಿ ಡಬ್ಬಿಗೆ, ಯಾವುದಕ್ಕೂ ಬೇಡ. 2024ರ ನವೆಂಬರಿನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನಲ್ಲಿ ಇಲಿಗೆಂದು ಮದ್ದು ಇಡಿಸಿದ್ದ ಮನೆಯೊಂದರಲ್ಲಿ ರಾತ್ರಿ ಮಲಗಿದ್ದ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಮದ್ದು ಇಟ್ಟ ಮನೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ, ಏಸಿ ಹಾಕಿ ಮಲಗಬಾರದು. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಓಡಿ. ಮಾತ್ರೆ ಹುಡುಕಲು ನಿಲ್ಲಬೇಡಿ. ವಾಸನೆ ಬರದಿದ್ದರೂ ಅನಿಲ ಇರಬಹುದು.

## ಅಕ್ಕಿ, ಬೇಳೆಯಲ್ಲಿ ಹುಳ

ಆರೋಗ್ಯಕ್ಕೆ ದೊಡ್ಡ ಅಪಾಯವಿಲ್ಲ. ಬಿಸಿಲಿಗೆ ಹರವಿ, ಕೇರಿ, ಗಾಳಿಯಾಡದ ಡಬ್ಬಿಗೆ ತುಂಬಿ. ತೊಗರಿಬೇಳೆಗೆ ಹರಳೆಣ್ಣೆ ಸವರುವ ನಮ್ಮ ಹಳೆಯ ರೂಢಿ ಒಳ್ಳೆಯದು. ರವೆ, ಹಿಟ್ಟನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ಬೋರಿಕ್ ಪುಡಿ ಬೆರೆಸಬೇಡಿ. ಬೂಷ್ಟು ವಾಸನೆ ಬಂದರೆ ಚೆಲ್ಲಿಬಿಡಿ.

## ಮದ್ದು ಹೊಡೆದ ಮೇಲೆ ತಲೆಸುತ್ತು, ವಾಂತಿ, ಉರಿ

ಕೂಡಲೇ ಹೊರಗೆ ಬನ್ನಿ. ಕಿಟಕಿ ತೆರೆಯಲು ಮತ್ತೆ ಒಳಗೆ ಹೋಗುವುದು ಎರಡನೇ ಕೆಲಸ, ಜನ ಮೊದಲು. ಬಟ್ಟೆ ಬದಲಿಸಿ, ತಾಗಿದ ಚರ್ಮವನ್ನು ಸೋಪು ಹಾಕಿ 15-20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ನಲ್ಲಿಯ ನೀರನ್ನು 15 ನಿಮಿಷ ಸಣ್ಣಗೆ ಹರಿಸಿ.

ಮುಖದಲ್ಲಿ ಚುಮುಚುಮು, ಮೂಗು ಗಂಟಲಲ್ಲಿ ಉರಿ ಮಾತ್ರ ಇದ್ದರೆ ಸಾಮಾನ್ಯ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಅನ್ನುವ ಕೀಟನಾಶಕ ಕಾರಣ ಇರಬಹುದು. ಹೊರಗಿನ ಗಾಳಿಗೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಉಬ್ಬಸ ಇದ್ದವರಿಗೆ ಅಷ್ಟೂ ಕಾಯುವಂತಿಲ್ಲ.

ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ಮಾಂಸಖಂಡ ಅದುರುತ್ತಿದೆ ಅಂದರೆ ಆರ್ಗನೋಫಾಸ್ಫೇಟ್ ಗುಂಪಿನ ವಿಷ. ಗೆದ್ದಲಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್ ಈ ಗುಂಪಿನದು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟು ಉಳಿಸುತ್ತಾರೆ. ಅದಕ್ಕೇ ಡಬ್ಬಿ ಒಯ್ಯಿರಿ ಅಂದದ್ದು. ಹೆಸರು ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಸೊಳ್ಳೆ ಯಂತ್ರದ ದ್ರವದಲ್ಲಿ ಸೀಮೆಎಣ್ಣೆ ಜಾತಿಯ ಎಣ್ಣೆ ಇರುತ್ತದೆ. ವಾಂತಿ ಆಗುವಾಗ ಅದು ಶ್ವಾಸಕೋಶಕ್ಕೆ ಹೋದರೆ ಮೂಲ ವಿಷಕ್ಕಿಂತ ಹೆಚ್ಚು ಕೆಡುಕಾಗುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಎಡ ಮಗ್ಗುಲಿಗೆ ಮಲಗಿಸಿ.

## ಏನು ಮಾಡಿದರೂ ಹೋಗುತ್ತಿಲ್ಲ, ಜನರನ್ನು ಕರೆಸಬೇಕು

ಗೆದ್ದಲು, ಕಟ್ಟಡದ ತುಂಬ ಇಲಿ, ಹಲವು ಕೋಣೆಯ ತಿಗಣೆ ಇವಕ್ಕೆ ಕರೆಸುವುದೇ ವಾಸಿ. ಬಂದವರನ್ನು ಸಂಕೋಚವಿಲ್ಲದೆ ಕೇಳಿ: ಪರವಾನಗಿ ತೋರಿಸಿ, ಮದ್ದಿನ ಹೆಸರು ಹೇಳಿ, ಸೀಲ್ ಇರುವ ಡಬ್ಬಿ ತೋರಿಸಿ, ಎಷ್ಟು ಗಂಟೆ ಹೊರಗಿರಬೇಕು. ಲೇಬಲ್ ಇಲ್ಲದ ಕ್ಯಾನಿನಲ್ಲಿ ಬಿಳಿ ನೀರು ತಂದು "ಹರ್ಬಲ್ ಸಾರ್, ಏನೂ ಆಗಲ್ಲ" ಅಂದರೆ ವಾಪಸ್ ಕಳಿಸಿ.

ಲೇಬಲ್ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಬಣ್ಣದ್ದು ಮನೆಯೊಳಗೆ ಬರಲೇಬಾರದು. ಹೊಲಕ್ಕೆ ತಂದ ಔಷಧಿಯನ್ನು ನೀರು ಬೆರೆಸಿ ಮನೆಗೆ ಹೊಡೆಯುವುದೂ ಬೇಡ, ಬೆಳೆಗೆ ಹೇಳಿದ ಅಳತೆ ಮಲಗುವ ಕೋಣೆಗೆ ಹೇಳಿದ್ದಲ್ಲ.

ಹೊಡೆಸುವ ದಿನ ಪಾತ್ರೆ, ಆಹಾರ, ಹಲ್ಲುಜ್ಜುವ ಬ್ರಷ್ ಎಲ್ಲ ಚೀಲದಲ್ಲಿ ಕಟ್ಟಿ ಹೊರಗಿಡಿ. ಮೀನಿನ ತೊಟ್ಟಿ ಇದ್ದರೆ ಬೇರೆ ಮನೆಗೆ ಕಳಿಸಿ, ಪೈರೆಥ್ರಾಯ್ಡ್ ಒಂದಿಷ್ಟು ಬಿದ್ದರೂ ಮೀನು ಬದುಕುವುದಿಲ್ಲ. ಗರ್ಭಿಣಿ, ಕೂಸು, ಉಬ್ಬಸದವರು ಅವತ್ತು ರಾತ್ರಿ ನೆಂಟರ ಮನೆಯಲ್ಲಿ ಉಳಿಯಲಿ. ವಾಪಸ್ ಬಂದ ಮೇಲೆ ಮೊದಲು ಕಿಟಕಿ ತೆರೆದು ಫ್ಯಾನ್ ಹಾಕಿ, ಅಡುಗೆ ಕಟ್ಟೆಯನ್ನು ಸೋಪು ನೀರಿನಲ್ಲಿ ಒರೆಸಿ.

ಮಿಕ್ಕ ಮದ್ದನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ, ಮೂಲ ಡಬ್ಬಿಯಲ್ಲೇ ಬೀಗ ಹಾಕುವ ಜಾಗದಲ್ಲಿಡಿ. ಸೀಮೆಸುಣ್ಣದ ರೂಪದ ಇರುವೆ ಮದ್ದನ್ನೂ ಅಲ್ಲೇ ಇಡಿ, ಮಕ್ಕಳು ಅದರಲ್ಲಿ ಸ್ಲೇಟಿನ ಮೇಲೆ ಬರೆಯಲು ಹೋಗುತ್ತಾರೆ. ಖಾಲಿ ಡಬ್ಬಿಯನ್ನು ಬೆಂಕಿಗೆ ಹಾಕಬಾರದು, ತೊಳೆದು ಬೇಳೆ ತುಂಬಿಡಬಾರದು. ಬೇರೆ ಚೀಲದಲ್ಲಿ ಕಟ್ಟಿ, ವಿಷದ ಡಬ್ಬಿ ಅಂತ ಹೇಳಿ ಕಸದವರ ಕೈಗೆ ಕೊಡಿ.